ಕೆಂಪಿಯ ಬದಲಿಗೆ ಬಂದ ಎತ್ತು

ರಸ್ತೆಯಲ್ಲಿ ಗಾಡಿಗೆ ಗಾಡಿ ಗುದ್ದಿದರೆ, ಗುದ್ದಿಸಿಕೊಂಡವರು ಬಸ್ಸು ಹಿಡಿದು ಮನೆಗೆ ಹೋಗುವುದು ಲೋಕರೂಢಿ. ಗುದ್ದಿದವನೇ ಬಸ್ಸು ಹಿಡಿದು, ಗುದ್ದಿಸಿಕೊಂಡವರು ಅವನ ಹೊಚ್ಚ ಹೊಸ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಮನೆಗೆ ಬಂದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಏಕೆಂದರೆ ನಿಮಗೆ ನಮ್ಮತ್ತೆ ಇಲ್ಲ!

ನಮ್ಮತ್ತೆ ಎಂದರೆ ನನ್ನ ಅಪ್ಪನ ತಂಗಿ, ಸೋದರತ್ತೆ. ಬಿಳಿಗೆರೆಯಲ್ಲಿ ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಅವಳ ಮನೆ. ಅವಳ ಕೂಗಿಗೆ ಎಲ್ಲ ಮನೆಯೂ ಕೂಗಳತೆಯೇ, ಆ ಮಾತು ಬೇರೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಇದು ಅಚ್ಚಾದ ದಿನ ನಮ್ಮ ಮನೆ ಮುಂದೆ ಹಾರ್ನ್ ಕೇಳಿಸುತ್ತದೆ. ತಿಪಟೂರಿನ ಹೈಸ್ಕೂಲಿನಲ್ಲಿ ಮಕ್ಕಳೆಲ್ಲ ಹೆದರುವ ಮೇಷ್ಟ್ರು ನಾನು. ಆ ಹಾರ್ನಿಗೆ ನಾನು ಹೆದರುತ್ತೇನೆ.

ಅತ್ತೆ ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಒಂದು ಕಥೆ ಇದೆ. ಮನೆಯಲ್ಲಿದ್ದ ಕೊನೆಯ ಜೋಡಿ ಎತ್ತನ್ನು ಮಾರಿದ ಮೇಲೆ ಖಾಲಿ ಕೊಟ್ಟಿಗೆ ನೋಡಲಾಗದೆ ಮಾವ ಎಲ್ಲಿಂದಲೋ ಒಂದು ಹಳೆಯ ಕೆಂಪು ಕಾರು ತಂದು ಅಲ್ಲಿ ನಿಲ್ಲಿಸಿದ. ತಂದನೇ ಹೊರತು ಓಡಿಸುವ ಧೈರ್ಯ ಅವನಿಗೆ ಬರಲಿಲ್ಲ. ದಿನಾ ಬೆಳಿಗ್ಗೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ತೋಟಕ್ಕೆ ನಡೆದುಕೊಂಡೇ ಹೋಗುತ್ತಿದ್ದ. ಅತ್ತೆ ಸ್ವಲ್ಪ ದಿನ ನೋಡಿದಳು.

"ಕೊಟ್ಟಿಗೇಲಿ ಕಟ್ಟಿದ್ಮೇಲೆ ಮೇಯಿಸ್ಬೇಕು, ಹೂಡ್ಬೇಕು. ಸುಮ್ಕೆ ನಿಲ್ಸ್ಕೊಂಡು ಸತ್ಕಾರ ಮಾಡಾಕೆ ಇದೇನು ಅಳಿಯನಾ?" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವಿಂಗ್ ಸ್ಕೂಲಿಗೆ ಹೋದಳು. ಕಲಿತೇಬಿಟ್ಟಳು!

ಕಾರಿಗೆ ಕೆಂಪಿ ಎಂದು ಹೆಸರಿಟ್ಟಳು. ಹೊರಡುವಾಗ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, "ನಡಿಯವ್ವ" ಎನ್ನುವುದು. ಇಳಿದ ಮೇಲೆ ಬಾಗಿಲು ಸವರಿ, "ಸುಧಾರಿಸ್ಕೋ" ಎನ್ನುವುದು. ಎಲ್ಲಿ ನಿಲ್ಲಿಸುವಾಗಲೂ ಮೊದಲು ಕತ್ತೆತ್ತಿ ಆಕಾಶ ನೋಡುತ್ತಾಳೆ. ದೇವರ ಧ್ಯಾನವಲ್ಲ. ಮೇಲೆ ತೆಂಗಿನ ಗೊನೆ ಇದೆಯೋ ಇಲ್ಲವೋ ಎಂದು.

"ಅತ್ತೆ, ತೆಂಗಿನ ಮರಕ್ಕೆ ಕಣ್ಣಿದೆ ಅಂತಾರಲ್ಲ, ಅದು ನೋಡಿಕೊಂಡೇ ಕಾಯಿ ಬೀಳಿಸುತ್ತಂತೆ?" ಎಂದೆ ಒಮ್ಮೆ.

"ಮನುಷ್ಯರ ತಲೆ ಮ್ಯಾಲೆ ಬೀಳ್ಬಾರ್ದು ಅಂತ ಅದಕ್ಕೆ ಗೊತ್ತೈತೆ ಕಣಪ್ಪ. ಕಾರಿನ ಮ್ಯಾಲೂ ಬೀಳ್ಬಾರ್ದು ಅಂತ ಅದಕ್ಕೆ ಯಾರು ಹೇಳಿಕೊಟ್ಟವ್ರೆ? ನೀನು ಹೇಳಿಕೊಟ್ಟಿದ್ದೀಯಾ, ಮೇಷ್ಟ್ರು ನೀನು?"

ಇಂಥ ಪ್ರಶ್ನೆಗೆ ಬಿ.ಎಡ್.ನಲ್ಲಿ ಉತ್ತರ ಕಲಿಸಿರಲಿಲ್ಲ.

ಈಗ ಇನ್ನೊಬ್ಬರನ್ನು ಪರಿಚಯ ಮಾಡಿಸಬೇಕು. ಅತ್ತೆಯ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆ ಇರುವವಳು ಅತ್ತೆಯ ವಾರಗಿತ್ತಿ, ಅಂದರೆ ಮಾವನ ಅಣ್ಣನ ಹೆಂಡತಿ. ನಾವೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತೇವೆ. ಅತ್ತೆ ಹೊಸದಾಗಿ ಕಾರು ಕಲಿಯುತ್ತಿದ್ದಾಗ ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಈ ದೊಡ್ಡಮ್ಮ ನಾಲ್ಕು ಜನರೆದುರು ಒಂದು ಮಾತಾಡಿದಳು: "ಹೆಂಗ್ಸು ಕಾರು ಬುಟ್ರೆ ಬೇಲಿಗೇ ಬುಡಾದು. ನಾನಂತೂ ಸತ್ರೂ ಅವಳ ಕಾರು ಹತ್ತಾಕಿಲ್ಲ!"

ಮಾರನೇ ದಿನವೇ ಅತ್ತೆ ಕಾರನ್ನು ಬೇಲಿಗೆ ಬಿಟ್ಟಳು. ಅದೂ ಯಾರ ಬೇಲಿಗೆ? ದೊಡ್ಡಮ್ಮನ ಬೇಲಿಗೇ!

ಅದು ಕೈತಪ್ಪಿ ಹೋದದ್ದೋ, ಬೇಕೆಂದೇ ಬಿಟ್ಟದ್ದೋ ದೇವರಿಗೇ ಗೊತ್ತು. "ಅವಳ ಬಾಯಿ ಅಂಥದ್ದು, ಅದಕ್ಕೇ ಹಂಗಾಯ್ತು" ಎಂದಳು ಅತ್ತೆ. "ನಾನು ಹೇಳಿದ್ದು ಸುಳ್ಳಾ?" ಎಂದಳು ದೊಡ್ಡಮ್ಮ. ಅವತ್ತಿಗೆ ಮಾತು ಬಿಟ್ಟರು. ಒಂದೇ ಗೋಡೆ, ಒಂದೇ ಬಾವಿ, ಒಂದೇ ತೋಟದ ದಾರಿ. ಮಾತು ಮಾತ್ರ ಇಲ್ಲ. ಗಂಡಂದಿರಿಬ್ಬರೂ ಜಗಲಿಯ ಮೇಲೆ ಕೂತು ಒಟ್ಟಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಪಂಚಾಯ್ತಿ ಮಾಡಲು ಹೋಗುವಷ್ಟು ದಡ್ಡರು ಅವರಲ್ಲ.

ಹೀಗೆ ವರ್ಷಗಳೇ ಹೋದವು. ಆಮೇಲೆ ದೊಡ್ಡಮ್ಮನಿಗೆ ಕಿಡ್ನಿ ಕೈಕೊಟ್ಟಿತು. ಪ್ರತಿ ಮಂಗಳವಾರ, ಶುಕ್ರವಾರ ತಿಪಟೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು ಎಂದರು. ಮೊದಲ ಸಲ ಬಸ್ಸಿನಲ್ಲಿ ಹೋದಳು. ಬರುವಾಗ ತಲೆ ತಿರುಗಿ ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ಕೂತವಳನ್ನು ಯಾರೋ ಊರಿನವರು ಆಟೋಗೆ ಹತ್ತಿಸಿ ಕಳಿಸಿದರು. ಆ ಸುದ್ದಿ ಗೋಡೆ ದಾಟಿತು. ಮುಂದಿನ ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮನ ಬಾಗಿಲ ಮುಂದೆ ಕೆಂಪಿ ಗುರ್ ಎನ್ನುತ್ತಾ ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಅತ್ತೆ ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡುತ್ತಾ ಕೂತಿದ್ದಳು.

"ಕೆಂಪೀ," ಎಂದಳು ಗಟ್ಟಿಯಾಗಿ, "ಆಸ್ಪತ್ರೆಗೆ ಹೋಗೋರು ಹತ್ತ್‌ಬೇಕಂತೆ ಅಂತ ಹೇಳು."

ದೊಡ್ಡಮ್ಮ ಹೊಸಿಲ ಮೇಲೆ ನಿಂತು ಯೋಚಿಸಿದಳು. "ಕೆಂಪೀ, ನೀನು ಕರೆದೆ ಅಂತ ಬತ್ತೀನಿ. ಬ್ಯಾರೆಯೋರು ಕರೆದ್ರು ಅಂತಲ್ಲ" ಎಂದು ಹೇಳಿ ಹತ್ತಿದಳು. ಆಣೆಯೂ ಮುರಿಯಲಿಲ್ಲ, ಆಸ್ಪತ್ರೆಯೂ ತಪ್ಪಲಿಲ್ಲ!

ಅಂದಿನಿಂದ ವಾರಕ್ಕೆ ಎರಡು ದಿನ ಆ ಕಾರಿನಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ಶಾಲೆಗೆ ಬಿಟ್ಟಿ ಸವಾರಿ ಸಿಗುತ್ತದೆಂದು ಮುಂದಿನ ಸೀಟಿನಲ್ಲಿ ನಾನೂ ಕೂರುತ್ತಿದ್ದೆ. ಕಾರು ಓಡಿಸಲು ನನಗೆ ಬರುವುದಿಲ್ಲ. ಅದನ್ನು ಅತ್ತೆ ದಿನಕ್ಕೊಮ್ಮೆ ನೆನಪಿಸುತ್ತಾಳೆ, ನೀವು ನೆನಪಿಸಬೇಕಾಗಿಲ್ಲ.

"ಕೆಂಪೀ, ಗುಂಡಿ ಬಂತು, ನಿಧಾನ ಹೋಗವ್ವ. ಒಳಗೆ ಮನುಷ್ಯರು ಕುಂತವ್ರೆ, ಕಾಯಿ ಮೂಟೆ ಅಲ್ಲ" ಎನ್ನುವಳು ದೊಡ್ಡಮ್ಮ ಹಿಂದಿನಿಂದ.

"ಕೆಂಪೀ, ನಿನ್ನ ಪಾಡಿಗೆ ನೀನು ಹೋಗು ಕಣೇ. ಬೇಲಿ ಮ್ಯಾಲೇ ಕಣ್ಣಿಟ್ಟೋರ ಮಾತು ತಲೆಗೆ ಹಾಕ್ಕಾಬ್ಯಾಡ" ಎನ್ನುವಳು ಅತ್ತೆ.

"ಕೆಂಪೀ, ನಿನ್ನೆ ಯಾರ ಮನೇಲೋ ಒಗ್ಗರಣೆ ಸೀದ್ಹೋದ ಘಾಟು ನಮ್ಮ ನಡುಮನೆಗಂಟ ಬಂತು. ಗ್ಯಾನ ಎಲ್ಲಿತ್ತಂತೆ ಕೇಳು."

"ಕೆಂಪೀ, ಡಾಕ್ಟ್ರು ಉಪ್ಪು ಮುಟ್ಟಬ್ಯಾಡಿ ಅಂದವ್ರೆ. ಆದ್ರೂ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆದ ಸದ್ದು ಗೋಡೆ ಈಚೆಗಂಟ ಕೇಳ್ತೈತೆ ಅಂತ ಹೇಳು!"

ದೊಡ್ಡಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸಮಯ ಸಾಧಿಸಿ ನಾನು, "ಅಲ್ಲ, ನೀವಿಬ್ಬರೂ ನೇರವಾಗೇ..." ಎಂದು ಬಾಯಿ ತೆರೆದೆ.

"ನೀನು ಸುಮ್ಕಿರಪ್ಪ, ಇಲ್ಲಿ ಮಾತಾಡ್ತಾ ಇಲ್ವಾ?" ಎಂದರು ಇಬ್ಬರೂ ಒಟ್ಟಿಗೆ.

ಸಂಜೆ ಹಿಂದಿರುಗುವಾಗಲಂತೂ ದೊಡ್ಡಮ್ಮ ಸೋತು ಸುಣ್ಣವಾಗಿ ಕಣ್ಣು ಮುಚ್ಚಿರುತ್ತಿದ್ದಳು. ಆಗ ಅತ್ತೆ ಓಡಿಸುವ ವೇಗಕ್ಕೆ ಸೈಕಲ್ಲಿನವರೂ ಗಂಟೆ ಹೊಡೆದು ಮುಂದೆ ಹೋಗುತ್ತಿದ್ದರು. "ಕೆಂಪೀ, ಅಲ್ಲಾಡ್‌ಬ್ಯಾಡ ಕಣೇ" ಎಂದು ಪಿಸುಗುಟ್ಟುವಳು. ದೊಡ್ಡಮ್ಮನಿಗೆ ಆಸ್ಪತ್ರೆಯ ಮಿಷನ್ನು ಎಷ್ಟು ಜೀವ ಕೊಡುತ್ತಿತ್ತೋ ನನಗೆ ತಿಳಿಯದು. ಆದರೆ ಮಂಗಳವಾರ ಬೆಳಿಗ್ಗೆ ಕಾರು ಹತ್ತುವಾಗ, ಇವತ್ತು ಏನು ಅನ್ನಬೇಕು ಎಂದು ಯೋಚಿಸಿಟ್ಟುಕೊಂಡು ಬಂದ ಹುರುಪು ಅವಳ ಮುಖದಲ್ಲಿ ಇರುತ್ತಿದ್ದುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಅಂಥ ಒಂದು ಮಂಗಳವಾರ ದೊಡ್ಡಮ್ಮನನ್ನು ಆಸ್ಪತ್ರೆಯಲ್ಲಿ ಇಳಿಸಿ ನಾವು ಶಾಲೆಯ ಕಡೆ ಹೊರಟಿದ್ದೆವು. ಕೊಬ್ಬರಿ ಮಾರುಕಟ್ಟೆಯ ಮುಂದೆ ಚೀಲ ಹೇರಿದ ತಳ್ಳುಗಾಡಿ ಅಡ್ಡ ಬಂತು. ಅತ್ತೆ ನಿಲ್ಲಿಸಿದಳು. ನಿಂತದ್ದೇ ತಡ, ಹಿಂದಿನಿಂದ ಧಡಾರ್! ನನ್ನ ಊಟದ ಡಬ್ಬಿ ಹಾರಿ ಗಾಜಿಗೆ ಬಡಿಯಿತು. ತಿರುಗಿ ನೋಡಿದರೆ ಹಿಂದಿನ ಸೀಟು ನಮ್ಮ ಬೆನ್ನಿಗೇ ಬಂದಿತ್ತು. ಅರ್ಧ ಗಂಟೆ ಮುಂಚೆ ಅಲ್ಲಿ ದೊಡ್ಡಮ್ಮ ಕೂತಿದ್ದಳು.

ಗುದ್ದಿದ್ದು ಒಂದು ದೊಡ್ಡ ಬಿಳಿ ಕಾರು. ಅದರ ಮೂತಿಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಅದರಿಂದ ಇಳಿದವನು ಒಬ್ಬ ಕೊಬ್ಬರಿ ಮಂಡಿಯ ವರ್ತಕ. ಫೋನು ಇನ್ನೂ ಕಿವಿಯಲ್ಲೇ ಇತ್ತು. ತಪ್ಪು ತನ್ನದಾದಾಗ ಮೊದಲು ಜೋರು ಮಾಡಬೇಕು ಎಂಬ ಶಾಸ್ತ್ರ ಅವನಿಗೂ ಗೊತ್ತಿತ್ತು. "ಏನಮ್ಮಾ, ನಡುರಸ್ತೇಲಿ ಹಿಂಗಾ ನಿಲ್ಸೋದು?" ಎಂದ.

ಅತ್ತೆ ಇಳಿದು ಹಿಂದಕ್ಕೆ ಹೋಗಿ ಕೆಂಪಿಯ ನುಜ್ಜುಗುಜ್ಜಾದ ಬೆನ್ನನ್ನು ಮೆಲ್ಲಗೆ ಸವರಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಹಾಗೆ ಕಣ್ಣು ತುಂಬಿದಾಗ ಎದುರಿಗಿದ್ದವರು ಓಡಿಹೋಗುವುದು ಒಳ್ಳೆಯದು. ಆದರೆ ಪಾಪ, ವರ್ತಕನಿಗೆ ಅದನ್ನು ಹೇಳುವವರು ಯಾರು?

"ಯಾವೂರಪ್ಪ ನಿಂದು?" ಎಂದಳು, ಬೀಗರನ್ನು ಮಾತಾಡಿಸುವ ಹಾಗೆ.

"ಮಾಯಸಂದ್ರ. ಯಾಕೆ?"

"ಎತ್ತು ಕಟ್ಟಿದ್ದ ಮನೇನಾ?"

"ನಮ್ಮ ತಾತ ಕಟ್ಟಿದ್ರು. ಇವಾಗ ಎಲ್ಲೈತೆ? ಅಲ್ಲಾ, ಅದ್ಯಾಕಮ್ಮ ಈಗ?"

"ಹಂಗಾದ್ರೆ ನ್ಯಾಯ ನಿಂಗೂ ಗೊತ್ತಿರ್ತೈತೆ. ನಿನ್ನೆತ್ತು ಬಂದು ನಮ್ಮೆತ್ತಿಗೆ ಹಾಯ್ತು. ನಮ್ಮೆತ್ತು ಮಲಗ್ತು. ಅದು ಎದ್ದು ನಿಲ್ಲೋಗಂಟ ನಮ್ಮ ಹೊಲ ಉಳೋದು ಯಾರೆತ್ತು?"

ವರ್ತಕ ತಬ್ಬಿಬ್ಬಾದ. "ಇನ್ಶೂರೆನ್ಸ್ ಐತೆ ಕಣಮ್ಮ. ಅವ್ರು ರಿಪೇರಿ ಮಾಡಿಸಿ ಕೊಡ್ತಾರೆ."

"ಮಾಡಿಸ್ಲಿ. ಅಲ್ಲೀಗಂಟ ನೊಗಕ್ಕೆ ನಿನ್ನ ಕಟ್ಲಾ?"

ಅಷ್ಟರಲ್ಲಿ ಜನ ಸೇರಿದ್ದರು. ಹರಾಜಿಗೆ ಕೊಬ್ಬರಿ ತಂದ ರೈತರು, ಚೀಲ ಹೊರುವ ಹಮಾಲಿಗಳು, ಟೀ ಅಂಗಡಿಯವರು. "ಹೌದು ಕಣಪ್ಪ, ನಮ್ಮಜ್ಜನೂ ಹಂಗೇ ಹೇಳ್ತಿದ್ದ" ಎಂದಿತು ಒಂದು ರುಮಾಲು. "ನ್ಯಾಯ ಅಂದ್ರೆ ನ್ಯಾಯ ಬುಡ್ರಿ" ಎಂದಿತು ಇನ್ನೊಂದು. ಟ್ರಾಫಿಕ್ ಪೊಲೀಸಿನವರು ಬಂದು ಎಲ್ಲ ಕೇಳಿಸಿಕೊಂಡು, "ಇದು ಯಾವ ಸೆಕ್ಷನ್ ಅಮ್ಮಾ?" ಎಂದರು ತಲೆ ಕೆರೆದುಕೊಳ್ಳುತ್ತಾ.

"ಎತ್ತಿನ ಸೆಕ್ಷನ್ನು. ನಿಮ್ಮ ಬುಕ್ಕಿಗಿಂತ ಹಳೇದು" ಎಂದಳು ಅತ್ತೆ.

ಇಂಥ ನ್ಯಾಯ ನಮ್ಮ ಕಡೆ ನಿಜವಾಗಿಯೂ ಇತ್ತೇ ಎಂದು ನಾನು ಆಮೇಲೆ ಊರಿನ ಹಿರಿಯರನ್ನೆಲ್ಲ ಕೇಳಿದೆ. ಅರ್ಧ ಜನ ಇತ್ತು ಎಂದರು. ಉಳಿದರ್ಧ ಜನ, "ನಿಮ್ಮತ್ತೆ ಹೇಳಿದ್ಲಾ? ಹಂಗಾದ್ರೆ ಇತ್ತು ಬುಡು" ಎಂದರು.

ಕೊನೆಗೆ ವರ್ತಕನನ್ನು ಸೋಲಿಸಿದ್ದು ನ್ಯಾಯವಲ್ಲ, ಅತ್ತೆ ಮೆಲ್ಲಗೆ ಹೇಳಿದ ಒಂದು ಮಾತು. "ನೋಡಪ್ಪ, ಆಸ್ಪತ್ರೇಲಿ ಒಬ್ರು ಮಲಗವ್ರೆ. ಸಂಜೆ ಅವ್ರು ಎದ್ದು ನಿಂತಾಗ ಬಾಗ್ಲಲ್ಲಿ ಕಾರಿರ್ಬೇಕು. ಬಸ್ಸಲ್ಲಿ ಅವ್ರಿಗೆ ಆಗಾಕಿಲ್ಲ." ಆತ ಫೋನು ಜೇಬಿಗೆ ಹಾಕಿಕೊಂಡ. ಆಮೇಲೆ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ.

"ಅಮ್ಮಾ, ಒಂದು ವಿಷ್ಯ. ಇದಕ್ಕೆ ಕ್ಲಚ್ ಇಲ್ಲ."

"ಅಯ್ಯೋ ಪಾಪ! ಹುಟ್ಟಿದಾಗ್ಲಿಂದ್ಲೂ ಇಲ್ವಾ?" ಎಂದಳು ಅತ್ತೆ.

ಮಾರುಕಟ್ಟೆಯ ಬಯಲಲ್ಲೇ ನಾಲ್ಕು ಸುತ್ತು ಹೊಡೆಸಿ ಹೇಳಿಕೊಟ್ಟು, ಕೆಂಪಿಯನ್ನು ಗ್ಯಾರೇಜಿಗೆ ಸಾಗಿಸಿ, ಆತ ಮಾಯಸಂದ್ರಕ್ಕೆ ಬಸ್ಸು ಹತ್ತಿದ. ಕಿಟಕಿಯಿಂದ ಕಾರನ್ನೇ ನೋಡುತ್ತಾ ಹೋದ.

ಎರಡು ದಿನ ಬಿಟ್ಟು ವಿಮೆ ಕಂಪನಿಯಿಂದ ಫೋನು ಬಂತು. "ಮೇಡಂ, ಸಾರಿ, ನಿಮ್ಮ ಪಾಲಿಸಿಯಲ್ಲಿ ಬದಲಿ ಕಾರು ಕೊಡೋ ಸೌಲಭ್ಯ ಇಲ್ಲ" ಎಂದಿತು ಎಳೆಯ ದನಿ.

"ನಿಮ್ಮಲ್ಲಿಲ್ದಿದ್ರೆ ಬುಡಪ್ಪ. ನಮ್ಮಲ್ಲೈತೆ" ಎಂದು ಫೋನು ಇಟ್ಟಳು.

ಇನ್ನು ಆ ಮಾಯಸಂದ್ರದ ಎತ್ತಿನ ಉಪಚಾರ ಕೇಳಬೇಕು ನೀವು! ದಿನಾ ಬೆಳಿಗ್ಗೆ ಪಂಪ್‌ಸೆಟ್ಟಿನ ನೀರಲ್ಲಿ ಮೈ ತೊಳೆಯುವುದು. ಹಣೆಗೆ, ಅಂದರೆ ಬಾನೆಟ್ಟಿಗೆ, ಮೂರು ಬೆರಳು ವಿಭೂತಿ. ಹೆರವರ ಎತ್ತು ಹಸಿದು ನಿಲ್ಲಬಾರದೆಂದು ಟ್ಯಾಂಕು ಸದಾ ಭರ್ತಿ. ಸಂಜೆ ವರ್ತಕ ಫೋನು ಮಾಡಿ, "ಅಮ್ಮಾ, ಗಾಡಿ..." ಎನ್ನುವಷ್ಟರಲ್ಲೇ ವರದಿ ಶುರು: "ಚೆನ್ನಾಗೈತೆ ಕಣಪ್ಪ. ಇವತ್ತು ನೆರಳಲ್ಲಿ ಕಟ್ಟಿದ್ದೆ." ಮೊದಮೊದಲು ಆತ ಗಾಡಿಯ ಚಿಂತೆಗೆ ಫೋನು ಮಾಡುತ್ತಿದ್ದ. ಆಮೇಲಾಮೇಲೆ ಈ ವರದಿ ಕೇಳುವ ಆಸೆಗೇ ಮಾಡುತ್ತಿದ್ದ ಎಂದು ನನಗೆ ಅನುಮಾನ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಆದ್ದರಿಂದ ಬಿಳಿ ಕಾರಿಗೂ ಸೋಮವಾರ ರಜೆ! ಇಷ್ಟಾದರೆ ಸಹಿಸಬಹುದಿತ್ತು. ಅದೇ ವಾರ ಚಿಕ್ಕನಾಯಕನಹಳ್ಳಿಯಲ್ಲಿ ನಮ್ಮ ನೆಂಟರ ಮದುವೆ. ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಂಡತಿ ರೇಷ್ಮೆ ಸೀರೆ ಉಟ್ಟು, ಬಿಳಿ ಕಾರಿನ ಮುಂದೆ ಹೋಗಿ ನಿಂತೆವು.

"ಎಲ್ಲಿಗೆ?" ಎಂದಳು ಅತ್ತೆ.

"ಮದುವೆಗೆ."

"ಇದು ಬಂದಿರೋದು ಕೆಂಪಿ ಮಾಡ್ತಿದ್ದ ಆಸ್ಪತ್ರೆ ಕೆಲಸಕ್ಕೆ ಕಣಪ್ಪ. ನಿಮ್ಮನ್ನ ಮೆರವಣಿಗೆ ಮಾಡಾಕಲ್ಲ. ಹೆರವರ ಎತ್ತಿನ ಮೈ ದಣಿಸಿದ್ರೆ ಪಾಪ ಸುತ್ಕೋತದೆ. ನಡೀರಿ, ಬಸ್ಸು ಬರೋ ಹೊತ್ತಾಯ್ತು."

ಅತ್ತೆಯನ್ನೂ ಸೇರಿಸಿ ಇಡೀ ಮನೆಯವರು ಬಸ್ಸಿನ ರಾಡು ಹಿಡಿದು ನೇತಾಡುತ್ತಾ ಮದುವೆಗೆ ಹೋದೆವು. ಆ ಕಾರು ಕೊಟ್ಟಿಗೆಯಲ್ಲಿ ತಂಪಾಗಿ ನಿದ್ದೆ ಮಾಡಿತು.

ಆದರೆ ನಗುವಿನ ನಡುವೆ ಒಂದು ಸಂಗತಿ ನಮ್ಮ ಗಮನಕ್ಕೇ ಬಂದಿರಲಿಲ್ಲ. ಬಿಳಿ ಕಾರು ತಾನೇ ಮಾತಾಡುತ್ತಿತ್ತು. ಬೆಲ್ಟ್ ಹಾಕದಿದ್ದರೆ ಕಿರುಚುವುದು, ತಿರುವು ಬಂದರೆ ಒಬ್ಬ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ದಾರಿ ಹೇಳುವುದು. ಮೊದಲ ದಿನ ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕೂತು, ಅಭ್ಯಾಸಬಲದಿಂದ "ಕಾರೇ..." ಎಂದು ಶುರು ಮಾಡಿದವಳು ಹಾಗೇ ನಿಲ್ಲಿಸಿದಳು.

"ಯಾಕೆ ದೊಡ್ಡಮ್ಮ?" ಎಂದೆ.

"ಪರರ ಎತ್ತು ಕಣಪ್ಪ. ನಮ್ಮನೆ ಮಾತು ಇದರ ಕಿವಿಗೆ ಯಾಕೆ? ಸಾಲದ್ದಕ್ಕೆ ಒಳಗೆ ಇನ್ನೊಬ್ಳು ಕುಂತವ್ಳೆ."

ಅತ್ತೆಗೂ ಹಾಗೇ ಅನ್ನಿಸಿರಬೇಕು, ಅವಳೂ ಸುಮ್ಮನಿದ್ದಳು. ಅಟ್ಟದ ಮೇಲೆ ಪೇರಿಸಿಟ್ಟ ಕಾಯಿಯೊಳಗೆ ನೀರು ಇಂಗುವ ಹಾಗೆ ಇಬ್ಬರ ಮಾತೂ ಇಂಗಿತು. ಒಗ್ಗರಣೆ ಸೀದರೂ ಕೇಳುವವರಿಲ್ಲ, ಭರಣಿಯ ಮುಚ್ಚಳ ತೆಗೆದರೂ ಬೈಯುವವರಿಲ್ಲ. ದೊಡ್ಡಮ್ಮ ಕಿಟಕಿಗೆ ಹಣೆಯಿಟ್ಟು ಕೂರುವಳು. ದಿನೇ ದಿನೇ ಮುಖ ಸಣ್ಣದಾಗುತ್ತಾ ಹೋಯಿತು. ನನ್ನನ್ನು ಕಂಡಾಗೆಲ್ಲ ಅವಳದು ಒಂದೇ ಪ್ರಶ್ನೆ: "ಕೆಂಪಿ ಯಾವಾಗ ಬತ್ತೈತಂತಪ್ಪ?"

ಕೆಂಪಿ ಬರಲಿಲ್ಲ. ಕಂಪನಿಯ ಸರ್ವೇಯರ್ ಗ್ಯಾರೇಜಿಗೆ ಬಂದು ನೋಡಿ, ಇದನ್ನು ರಿಪೇರಿ ಮಾಡುವ ಬದಲು ಪರಿಹಾರ ಕೊಟ್ಟುಬಿಡುತ್ತೇವೆ, ಗಾಡಿ ಗುಜರಿಗೆ ಹೋಗಲಿ ಎಂದುಬಿಟ್ಟ. ಅತ್ತೆ ಅವತ್ತು ಗ್ಯಾರೇಜಿನಲ್ಲಿ ಕೆಂಪಿಯ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದಳು. "ನಡಿಯವ್ವ" ಎನ್ನಲಿಲ್ಲ. "ಸುಧಾರಿಸ್ಕೋ" ಎಂದಳು. ಕಾರಿಗೆ ಅಳುವ ಮೇಷ್ಟ್ರನ್ನು ಯಾರಾದರೂ ನೋಡಿದ್ದೀರಾ? ಗ್ಯಾರೇಜಿನವರು ನೋಡಿದರು.

ಈ ಸುದ್ದಿ ದೊಡ್ಡಮ್ಮನ ಕಿವಿಗೆ ಬೀಳದಂತೆ ಅತ್ತೆ ಎಲ್ಲರ ಬಾಯಿಗೂ ಬೀಗ ಹಾಕಿದ್ದಳು. ಆದರೆ ಊರಿನ ಟೀ ಅಂಗಡಿಗೆ ಬೀಗ ಹಾಕುವವರು ಯಾರು? ದೊಡ್ಡಮ್ಮನ ಗಂಡ ಅಲ್ಲಿ ಕೇಳಿ ಬಂದು ಮನೆಯಲ್ಲಿ ಹೇಳಿದ. ಶುಕ್ರವಾರ ಬೆಳಿಗ್ಗೆ ಬಿಳಿ ಕಾರು ಬಾಗಿಲ ಮುಂದೆ ನಿಂತು ಹಾರ್ನ್ ಮಾಡಿತು. ದೊಡ್ಡಮ್ಮ ಬರಲಿಲ್ಲ. ಮತ್ತೆ ಮಾಡಿತು. ಬರಲಿಲ್ಲ. ಅತ್ತೆ ನನ್ನನ್ನು ಒಳಗೆ ಕಳಿಸಿದಳು.

ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಸಾಕು ಬುಡಪ್ಪ. ಎಷ್ಟು ದಿನ ಅಂತ ಸೂಜಿ ಚುಚ್ಚಿಸ್ಕಳ್ಳೋದು. ಕೆಂಪಿ ಕರೀತಿದ್ಲು, ಹೋಗ್ತಿದ್ದೆ. ಇನ್ಯಾರು ಕರೀತಾರೆ ನನ್ನ?" ಎಂದಳು.

ಬಂದು ಹಾಗೇ ಹೇಳಿದೆ. ಅತ್ತೆಯ ಮುಖ ಕಪ್ಪಿಟ್ಟಿತು. ಸ್ಟೇರಿಂಗ್ ಹಿಡಿದು ತುಂಬ ಹೊತ್ತು ಕೂತಿದ್ದಳು. ಮಾತು ನಾಲಿಗೆ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಮೂವತ್ತು ಹೆಜ್ಜೆ ದೂರವೂ ಇರಲಿಲ್ಲ ಆ ಬಾಗಿಲು, ಅವಳಿಂದ ಇಳಿಯಲಾಗಲಿಲ್ಲ. ಕಾರು ಹಿಂದಕ್ಕೆ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದಳು. ವರ್ತಕನನ್ನು, ಪೊಲೀಸರನ್ನು, ವಿಮೆ ಕಂಪನಿಯನ್ನು ಒಂದೊಂದೇ ಮಾತಿನಲ್ಲಿ ಕೆಡವಿದ ಹೆಂಗಸು, ಒಂದು ಗೋಡೆಯ ಮುಂದೆ ಸೋತುಹೋದಳು.

ಶನಿವಾರ, ಭಾನುವಾರ ಕಳೆಯುವಷ್ಟರಲ್ಲಿ ದೊಡ್ಡಮ್ಮನ ಕಾಲು ಬಾತುಕೊಂಡವು, ಮೇಲುಸಿರು ಹತ್ತಿತು. ಆದರೂ ಬರಲೊಲ್ಲೆ ಎಂಬ ಹಟ. ಗಂಡ ಬೇಡಿಕೊಂಡ, ನಾನು ಬೇಡಿಕೊಂಡೆ. ಜಪ್ಪಯ್ಯ ಎನ್ನಲಿಲ್ಲ. ಸೋಮವಾರ ಬೆಳಿಗ್ಗೆ ಆಂಬುಲೆನ್ಸಿಗೆ ಫೋನು ಮಾಡೋಣವೆಂದು ನಾನು ಹೊರಗೆ ಬಂದರೆ, ಅತ್ತೆ ಬಿಳಿ ಕಾರನ್ನು ಕೊಟ್ಟಿಗೆಯಿಂದ ಹೊರಗೆ ತರುತ್ತಿದ್ದಾಳೆ!

"ಅತ್ತೆ, ಇವತ್ತು ಸೋಮವಾರ..." ಎಂದೆ. ಗಾಬರಿಯಲ್ಲಿ ಬುದ್ಧಿ ಎಲ್ಲಿರುತ್ತದೆ?

ಅವಳು ಇಳಿದು ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು, "ಇವತ್ತೊಂದಿನ ಹೊಟ್ಟೆಗೆ ಹಾಕ್ಕೋ ನಮ್ಮಪ್ಪಾ ಬಸವಣ್ಣ" ಎಂದಳು. ಆಮೇಲೆ ದೊಡ್ಡಮ್ಮನ ಅಂಗಳದಲ್ಲಿ ಹೋಗಿ ನಿಂತಳು. ಹಾರ್ನ್ ಇಲ್ಲ, ಕೆಂಪಿ ಇಲ್ಲ, ನಾನೂ ಬೇಡ ಎಂದು ಕೈಯಲ್ಲಿ ತಡೆದಳು. ಅಂಗಳದಲ್ಲಿ ಕಟ್ಟಿದ್ದ ಹಸುವಿನ ಕಡೆ ನೋಡಿದಳು. ಅದರ ಮೂಲಕವೇ ಏನಾದರೂ ಹೇಳಿಸುತ್ತಾಳೇನೋ ಎಂದುಕೊಂಡೆ. ಇಲ್ಲ. ತಲೆ ಕೊಡವಿ ಬಾಗಿಲ ಕಡೆ ತಿರುಗಿದಳು.

"ಅಕ್ಕಾ..."

ಒಳಗಿನ ಕೆಮ್ಮು ನಿಂತಿತು.

"ಅಕ್ಕಾ, ಬಾರಕ್ಕ. ನಂಗೆ ಒಬ್ಳೇ ಕಾರು ಓಡ್ಸಾಕೆ ಭಯ ಆಯ್ತೈತೆ."

ಭಯ! ನಮ್ಮತ್ತೆಗೆ! ಮಾವ ಜಗಲಿಯಿಂದ ಎದ್ದು ನಿಂತ. ಒಳಗೆ ಮಂಚ ಕಿರ್ರೆಂದಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಏದುಸಿರು ಬಿಡುತ್ತಾ ದೊಡ್ಡಮ್ಮನ ದನಿ ಬಂತು. "ಸತ್ರೂ ನಿನ್ನ ಕಾರು ಹತ್ತಾಕಿಲ್ಲ ಅಂದಿದ್ನಲ್ಲೇ ನಾನು..."

"ಇದು ನನ್ನ ಕಾರಲ್ಲ ಕಣಕ್ಕಾ. ಮಾಯಸಂದ್ರದೋನದು. ಹತ್ತಬೋದು ಬಾ!"

ಒಳಗೆ ನಗು ಕೇಳಿಸಿತು. ನಗುವೋ ಕೆಮ್ಮೋ, ಎರಡೂ ಬೆರೆತದ್ದು. ಅತ್ತೆ ಮತ್ತೆ ಕಾಯಲಿಲ್ಲ, ಒಳಗೆ ನುಗ್ಗಿ ಹೆಗಲು ಕೊಟ್ಟು ಎಬ್ಬಿಸಿಕೊಂಡು ಬಂದಳು. ಹಿಂದಿನ ಬಾಗಿಲು ತೆಗೆದವನು ನಾನು. ಅತ್ತೆ ಅದನ್ನು ಕಾಲಲ್ಲಿ ಮುಚ್ಚಿ, ಮುಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿದಳು. ಬಿಳಿ ಕಾರು ಬೆಲ್ಟಿಗಾಗಿ ಕಿರುಚಿಕೊಂಡಿತು. ಅತ್ತೆ ಬಗ್ಗಿ, ದೊಡ್ಡಮ್ಮನ ಎದೆಯ ಮೇಲೆ ಬೆಲ್ಟ್ ಎಳೆದು ಸಿಕ್ಕಿಸಿದಳು. ತಿಪಟೂರು ಮುಟ್ಟುವವರೆಗೂ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಅವಳ ಕೈ ಮೇಲೆ. ಗೇರಿಲ್ಲದ ಕಾರು ಎಷ್ಟು ಒಳ್ಳೆಯದು ಎಂದು ಹಿಂದೆ ಕೂತಿದ್ದ ನನಗೆ ಅವತ್ತು ಅರ್ಥವಾಯಿತು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ದೊಡ್ಡಮ್ಮ ಚೇತರಿಸಿಕೊಂಡಳು. ಸೋಮವಾರ ಎತ್ತು ಹೂಡಿದ ತಪ್ಪನ್ನು ಅತ್ತೆ ಅವತ್ತೇ ವರ್ತಕನಿಗೆ ಫೋನಿನಲ್ಲಿ ಒಪ್ಪಿಕೊಂಡಳು. ಆತ ಕಾರಣವನ್ನೆಲ್ಲ ಕೇಳಿಸಿಕೊಂಡನಂತೆ. ಆಮೇಲೆ ಕೇಳಿದನಂತೆ: "ಅಮ್ಮಾ, ನಿಮ್ಮ ನ್ಯಾಯದಲ್ಲಿ ಗಾಯ ಆದ ಎತ್ತು ಎದ್ದೇಳಲೇ ಇಲ್ಲ ಅಂದ್ರೆ ಏನು ಮಾಡ್ಬೇಕು?"

"ಗುದ್ದಿದೋನು ಜೊತೇಲಿ ಸಂತೆಗೆ ಬಂದು, ಹಲ್ಲು ನೋಡಿ ಇನ್ನೊಂದೆತ್ತು ಆರಿಸಿಕೊಡ್ಬೇಕು."

ಬಂದ! ಮಂಡಿ ವ್ಯಾಪಾರ ಬಿಟ್ಟು, ಕಂಪನಿಯ ಪರಿಹಾರ ಕೈಸೇರಿದ ವಾರ ಅತ್ತೆಯ ಜೊತೆ ತುಮಕೂರಿನ ಹಳೇ ಕಾರು ಮಾರುವ ಅಂಗಡಿಗಳನ್ನೆಲ್ಲ ಸುತ್ತಿದ. ಅತ್ತೆ ಪ್ರತಿ ಕಾರಿನ ಬಾನೆಟ್ ಎತ್ತಿಸಿ ಒಳಗೆ ಇಣುಕುವಳು, ಬೆನ್ನು ತಟ್ಟುವಳು, ಒಂದು ಸುತ್ತು ನಡೆಸಿ ನೋಡುವಳು. ಕೊನೆಗೆ ಬೂದುಬಣ್ಣದ ಒಂದು ಸಣ್ಣ ಕಾರು ಒಪ್ಪಿಗೆಯಾಯಿತು. ಬಿಳಿ ಕಾರನ್ನು ಮೈ ತೊಳೆಸಿ, ಅರಿಶಿನ ಕುಂಕುಮ ಇಟ್ಟು, ಎಳನೀರಿನ ಗೊನೆ ಇಟ್ಟು ಕಳಿಸಿಕೊಟ್ಟಳು. ಮಾಯಸಂದ್ರದಲ್ಲೂ ಆ ಕಾರಿಗೆ ಸೋಮವಾರ ರಜೆಯಂತೆ.

ಮೊನ್ನೆ ಮಂಗಳವಾರ ಹೊಸ ಕಾರಿನ ಮೊದಲ ಸವಾರಿ. ಇಬ್ಬರೂ ಮುಂದೆ ಅಕ್ಕಪಕ್ಕ, ನಾನು ಹಿಂದೆ. ಈಗ ನೇರಾನೇರ ಜಗಳ. ಉಪ್ಪಿನಕಾಯಿ, ಒಗ್ಗರಣೆ, ಬೇಲಿ, ಎಲ್ಲವೂ ಕಾರು ಹೊರಡುವ ಮೊದಲೇ ಮುಗಿಯಿತು. ಇನ್ನು ಕಾರಿನ ಮೂಲಕ ಮಾತಾಡುವ ಕಾಟ ಇಲ್ಲವಲ್ಲ ಎಂದು ನಾನು ಕಣ್ಣು ಮುಚ್ಚಿ ಒರಗಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಮುಂದಕ್ಕೆ ಬಗ್ಗಿ, ಹೊಸ ಕಾರಿನ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ತಟ್ಟಿದಳು.

"ನೋಡವ್ವಾ ಬೂದೀ," ಎಂದಳು. "ನೀನು ಹೊಸಬ್ಳು, ಹೇಳ್ತೀನಿ ಕೇಳಿಸ್ಕೋ. ಇವಳು ಬಾಯಿ ಜೋರು, ಜೀವ ಪುಕ್ಕಲು. ನಾನು ಇಲ್ದಿರೋ ಕಾಲಕ್ಕೆ ಇವಳು ಒಬ್ಳೇ ಓಡಿಸಾಕೆ ಹೆದರ್ತಾಳೆ. ಆವಾಗ ನೀನೇ ಇವಳ್ನ ಮಾತಾಡಿಸ್ತಾ ಇರ್ಬೇಕು ಕಣವ್ವ."

ನಾನು ಕಣ್ಣು ಬಿಟ್ಟೆ. ಇದಕ್ಕೆ ಅತ್ತೆ ಏನು ಉತ್ತರ ಕೊಡುತ್ತಾಳೋ ಎಂದು ಕಾದೆ. ಯಾವ ಮಾತಿಗೂ ಉತ್ತರ ಇಟ್ಟುಕೊಳ್ಳದೆ ಹುಟ್ಟಿದವಳಲ್ಲ ಅವಳು. ಆದರೆ ಅವಳು ನೇರ ಮುಂದೆ ನೋಡುತ್ತಾ ಗೇರು ಹಾಕಲು ಹೋದಳು. ಗೇರು ಸಿಕ್ಕಲಿಲ್ಲ. ಇನ್ನೊಮ್ಮೆ ಹಾಕಿದಳು. ಕಾರು ಒಂದು ಸಲ ಮುಗ್ಗರಿಸಿ, ದೊಡ್ಡಮ್ಮನ ಬೇಲಿಯ ಪಕ್ಕದಲ್ಲೇ ನಿಂತುಹೋಯಿತು.